ವಾಂಜಿರುವಿನ ಗುಂಗುರು ಕೂದಲು

ಎಪ್ಪತ್ತರ ದಶಕದ ಮಾತು. ನಾನಾಗ ರಾಜಾಜಿನಗರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದೆ. ಕೀನ್ಯಾದಿಂದ ಓದಲು ಬಂದಿದ್ದ ವಾಂಜಿರು ಎಂಬ ಹುಡುಗಿ ಬಸ್ಸಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಪ್ಲಾಸ್ಟರ್ ನೋಡಲು ಅವಳ ಬಾಡಿಗೆ ಕೋಣೆಗೆ ಹೋದರೆ, ಮೂರು ವಾರದಿಂದ ಬಾಚದ ಗುಂಗುರು ಕೂದಲು ಗಂಟುಗಟ್ಟಿತ್ತು.

ಮನೆಯೊಡತಿ ಕತ್ತರಿ ತಂದುಕೊಟ್ಟರು. "ಕತ್ತರಿಸಿಬಿಡಿ ಸಿಸ್ಟರ್, ಇದು ಬಿಡಿಸೋ ಕೂದಲಲ್ಲ." ನನಗೂ ಹಾಗೇ ಅನ್ನಿಸಿತು.

ವಾಂಜಿರು ಎಡಗೈಯಿಂದ ತಲೆ ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು: "ಬೇಡ. ಅಮ್ಮ ತೀರಿಕೊಂಡಾಗ ಊರಿಗೆ ಹೋಗೋಕೂ ಆಗ್ಲಿಲ್ಲ ನಂಗೆ. ಇದು ಅವರು ಹೆಣೀತಿದ್ದ ಕೂದಲು."

ಕತ್ತರಿ ಕೆಳಗಿಟ್ಟು ಬಾಚಣಿಗೆ ಹಿಡಿದೆ. ನೆತ್ತಿಯಿಂದ ಒಂದೇ ಸಲ ಎಳೆದಾಗ ಅವಳ ಕಣ್ಣಲ್ಲಿ ನೀರು ಬಂತು.

"ಒಣಕೂದಲನ್ನ ಎಳೀಬೇಡಿ. ನೀರು, ಎಣ್ಣೆ ಹಚ್ಚಿ, ಬೆರಳಲ್ಲೇ ಬಿಡಿಸಿ. ತುದಿಯಿಂದ ಶುರುಮಾಡಿ," ಎಂದಳು ವಾಂಜಿರು.

ಸ್ವಲ್ಪ ಸ್ವಲ್ಪವೇ ಭಾಗಮಾಡಿ ಮಧ್ಯಾಹ್ನವೆಲ್ಲ ಬಿಡಿಸಿದೆ. ಮನೆಯೊಡತಿಯೂ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತರು. ಸಂಜೆ ಹೊತ್ತಿಗೆ ಸಣ್ಣ ಸಣ್ಣ ಜಡೆಗಳಾದವು. ಅವಳು ಕನ್ನಡಿ ಕೇಳಲಿಲ್ಲ. ಜಡೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡು ಅತ್ತಳು.

ನಮ್ಮ ಮನೆಯಲ್ಲಿ ಮಗಳು ದಿನಾ ಬೆಳಿಗ್ಗೆ ತಲೆ ಬಾಚುವಾಗ ಅಳುತ್ತಿದ್ದಳು. ಅದು ಅವಳ ಹಟ ಎಂದುಕೊಂಡು ವರ್ಷಗಟ್ಟಲೆ ಬೈದಿದ್ದೆ. ಮರುದಿನ ಮೆಲ್ಲಗೆ, ತುದಿಯಿಂದ ಬಾಚಿದೆ. ಅವಳು ಗಾಬರಿಯಿಂದ ತಿರುಗಿ ನೋಡಿ, "ಯಾಕಮ್ಮ, ಹುಷಾರಿಲ್ವಾ ನಿಂಗೆ?" ಎಂದಳು.