ಗೋಣಿಚೀಲದ ಚೌಕಾಬಾರ

ನನ್ನ ಕೈಗೆಲಸದ ಬಗ್ಗೆ ನನಗೆ ಯಾವತ್ತೂ ಸಂಕೋಚವಿಲ್ಲ. ಹರಿದ ಗೋಣಿಚೀಲ, ಒಂದು ದಬ್ಬಣ, ಸ್ವಲ್ಪ ಹುರಿ ಕೊಟ್ಟರೆ ಏನಾದರೊಂದು ಮಾಡಿಯೇ ತೀರುವವಳು ನಾನು. ಮಾಡಿದ್ದರಲ್ಲೆಲ್ಲ ಒಳ್ಳೆಯದು ಯಾವುದು ಎಂದು ಕೇಳಿದರೆ, ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಅತ್ತೆಗೆ ಹೊಲಿದುಕೊಟ್ಟ ಚೌಕಾಬಾರದ ಹಾಸನ್ನೇ ತೋರಿಸುತ್ತೇನೆ. ಅದೇ ಹಾಸಿನ ಮೇಲೆ ನಾನೊಂದು ದೊಡ್ಡ ತಪ್ಪನ್ನೂ ಮಾಡಿದೆ. ಅದನ್ನು ಮುಚ್ಚಿಡುವ ಜಾಯಮಾನ ನನ್ನದಲ್ಲ.

ವಿಲ್ಸನ್ ಗಾರ್ಡನ್ನಿನ ಬಾಡಿಗೆ ಮನೆ ಬಿಟ್ಟು ಆಗಷ್ಟೇ ಜೆ.ಪಿ. ನಗರಕ್ಕೆ ಬಂದಿದ್ದೆವು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ನಾನು ಬೆಳಗಿನ ಶಾಲೆಯ ಟೀಚರು, ಒಂದು ಗಂಟೆಗೆಲ್ಲ ಮನೆಯಲ್ಲಿರುತ್ತಿದ್ದೆ. ಊಟವಾದ ಮೇಲೆ ವೆರಾಂಡದ ಕೆಂಪು ನೆಲದ ಮೇಲೆ ಅತ್ತೆ ಸೀಮೆಸುಣ್ಣದಲ್ಲಿ ಐದು ಸಾಲು, ಸಾಲಿಗೆ ಐದು ಮನೆ ಗೀಚುತ್ತಿದ್ದರು. ಆಟಕ್ಕೆ ಬರುತ್ತಿದ್ದವರು ಇಬ್ಬರು. ಒಬ್ಬರು ಪಕ್ಕದ ಮನೆಯ ರಿಟೈರಾದ ನರ್ಸು. ಇನ್ನೊಬ್ಬರು ಹತ್ತಿರದ ಸಾರಕ್ಕಿ ಹಳ್ಳಿಯಿಂದ ನಡೆದೇ ಬರುತ್ತಿದ್ದ ಅಜ್ಜಿ. ನಮ್ಮ ಬೀದಿ ಇದ್ದ ಜಾಗದಲ್ಲಿ ಹಿಂದೆ ತಾನು ರಾಗಿ ಕೊಯ್ದಿದ್ದೆ ಎಂದು ದಿನಕ್ಕೊಮ್ಮೆಯಾದರೂ ನೆನಪಿಸದೆ ಆಕೆ ಕಾಯಿ ಮುಟ್ಟುತ್ತಿರಲಿಲ್ಲ. ನಾಲ್ಕನೆಯವಳು ನಾನು.

ಚೌಕಾಬಾರ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಒಂದು ಬದಿ ತೇದ ನಾಲ್ಕು ಹುಣಸೆ ಬೀಜ ಎಸೆದು, ಬಿದ್ದಷ್ಟು ಮನೆ ಕಾಯಿ ನಡೆಸಬೇಕು. ಹೊರಸುತ್ತು ಮುಗಿಸಿ, ಒಳಸುತ್ತು ಹೊಕ್ಕು, ನಡುಮನೆ ಸೇರಿದರೆ ಕಾಯಿ ಹಣ್ಣಾಗುತ್ತದೆ. ದಾರಿಯಲ್ಲಿ ಬೇರೆಯವರ ಕಾಯಿ ಬಂದು ಹೊಡೆದರೆ ಮತ್ತೆ ಮೊದಲಿಂದ ಹೊರಡಬೇಕು. ಇನ್ನೊಂದು ನಿಯಮವಿದೆ: ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ನಮ್ಮ ಅತ್ತೆ ಈ ನಿಯಮಕ್ಕಾಗಿಯೇ ಹುಟ್ಟಿದವರ ಹಾಗೆ ಆಡುತ್ತಿದ್ದರು. ಸೊಸೆ ಎಂಬ ದಾಕ್ಷಿಣ್ಯ ಒಂದು ದಿನವೂ ತೋರಿಸಿದವರಲ್ಲ. ನನ್ನ ಕಾಯಿ ಹೊಡೆದ ದಿನ ಸಂಜೆಯ ಕಾಫಿ ತಾವೇ ಮಾಡುತ್ತಿದ್ದರು, ಅಷ್ಟು ಖುಷಿ.

ಆಮೇಲೆ ಅವರ ಕಣ್ಣು ಮಂಜಾಗುತ್ತ ಬಂತು. ಡಾಕ್ಟರು ನೋಡಿ, ಹೋದ ದೃಷ್ಟಿ ಬರುವುದಿಲ್ಲ, ಉಳಿದಿರುವ ಬೆಳಕನ್ನಷ್ಟೇ ಕಾಪಾಡಿಕೊಳ್ಳಬಹುದು ಎಂದರು. ಅತ್ತೆ ಅಳಲಿಲ್ಲ. ವೆರಾಂಡಕ್ಕೆ ಬರುವುದನ್ನು ನಿಲ್ಲಿಸಿದರು, ಅಷ್ಟೆ. ಮಧ್ಯಾಹ್ನ ಅವರಿಬ್ಬರೂ ಬಂದರೆ, "ನನಗೆ ನಿದ್ದೆ ಬರ್ತಿದೆ ಅಂತ ಹೇಳು," ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ತಿಂಗಳಾಯಿತು. ಮಾತು ಕಡಿಮೆಯಾಯಿತು, ಊಟ ಅರ್ಧಕ್ಕಿಳಿಯಿತು. ನನ್ನ ಜೊತೆ ಜಗಳವನ್ನೂ ಆಡುತ್ತಿರಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ಏನಾದರೂ ಮಾಡಿ ಇವರನ್ನು ಆಟಕ್ಕೆ ವಾಪಸ್ ಕೂರಿಸಲೇಬೇಕು ಎಂದು ಹಟ ಹಿಡಿದೆ.

ರೇಷನ್ ಗೋಧಿಯ ಗೋಣಿಚೀಲವೊಂದನ್ನು ಎರಡು ಸಲ ಒಗೆದು ಬಿಚ್ಚಿದೆ. ಗೆರೆಗಳ ಜಾಗದಲ್ಲಿ ದಪ್ಪ ಹುರಿಯನ್ನು ಎಬ್ಬಿಸಿ ಹೊಲಿದೆ. ಬೆರಳಾಡಿಸಿದರೆ ಒಂದೊಂದು ಮನೆಯೂ ಪುಟ್ಟ ತೊಟ್ಟಿಯಂತೆ ತಿಳಿಯಬೇಕು, ಕೈ ತಾಗಿದರೂ ಕಾಯಿ ಜಾರಬಾರದು. ಯಾರೂ ಹೊಡೆಯುವಂತಿಲ್ಲದ ಕಟ್ಟೆಮನೆಗಳಿಗೆ ಅಡ್ಡಡ್ಡ ಎರಡು ಹೊಲಿಗೆ. ನರ್ಸಮ್ಮನಿಗೆ ಅಂಟುವಾಳದ ಬೀಜ, ಸಾರಕ್ಕಿ ಅಜ್ಜಿಗೆ ಪೊರಕೆ ಕಡ್ಡಿಯ ತುಂಡು, ನನಗೆ ಬಳೆ ಚೂರು. ಅತ್ತೆಗೆ ಮಾವನವರ ಹಳೆಯ ಕೋಟಿನಿಂದ ಕತ್ತರಿಸಿದ ನಾಲ್ಕು ದಪ್ಪ ಗುಂಡಿ. ಮುಟ್ಟಿದರೆ ಯಾರದು ಯಾವುದು ಎಂದು ಗೊತ್ತಾಗಲೇಬೇಕು. ಬೀಜ ಚೆಲ್ಲಾಪಿಲ್ಲಿಯಾಗದಂತೆ ಎಸೆಯಲು ಒಂದು ಅಂಚಿನ ತಟ್ಟೆ. ಎಂಟು ದಿನದ ಕೆಲಸ. ಹೆಬ್ಬೆರಳಿಗೆ ದಬ್ಬಣ ಚುಚ್ಚಿಸಿಕೊಂಡದ್ದು ಎಷ್ಟು ಸಲವೋ.

ಕಾಯಿಗಳ ಸಮೇತ ಹಾಸನ್ನು ಅವರ ತೊಡೆಯ ಮೇಲೆ ಇಟ್ಟೆ. ಬೆರಳುಗಳು ಮೂಲೆಯಿಂದ ಮೂಲೆಗೆ ಓಡಾಡಿದವು. ಗುಂಡಿ ಮುಟ್ಟಿ ಸ್ವಲ್ಪ ಹೊತ್ತು ಅಲ್ಲೇ ನಿಂತವು. ಕೊನೆಗೆ ನಾನು ತೇದಿಟ್ಟಿದ್ದ ಹುಣಸೆ ಬೀಜಗಳನ್ನು ತಿರುವಿ ನೋಡಿ ಬಾಯಿಬಿಟ್ಟರು.

"ಇದೇನೇ ಇದು, ಒಂದೂ ಸಮವಾಗಿ ತೇದಿಲ್ಲ. ಇವು ಯಾವಾಗ್ಲೂ ಒಂದೇ ಮಗ್ಗಲಿಗೆ ಬೀಳ್ತವೆ."

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ತಾವೇ ಹೊಸ ಬೀಜ ತೇದರು. ತಿಂಗಳ ನಂತರ ಅವರು ನನ್ನನ್ನು ಬೈದದ್ದು ಕೇಳಿ ನನಗೆ ಹಬ್ಬವಾಯಿತು.

ಇಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಾನು ಅತಿಬುದ್ಧಿವಂತೆ. ಆಟಕ್ಕೆ ಬಂದ ಅವರಿಬ್ಬರನ್ನೂ ಗೇಟಿನ ಹತ್ತಿರ ನಿಲ್ಲಿಸಿಕೊಂಡು, "ಮೊದಲ ದಿನ, ಅತ್ತೆ ಕಾಯಿ ಮಾತ್ರ ಯಾರೂ ಹೊಡೀಬೇಡಿ," ಎಂದೆ. ಅಷ್ಟಕ್ಕೇ ಸುಮ್ಮನಾಗದೆ, ಒಳಸುತ್ತಿಗೆ ಹೋಗಲು ಅವರು ಒಂದನ್ನಾದರೂ ಹೊಡೆಯಬೇಕಲ್ಲ, ಅದಕ್ಕೆ ನಮ್ಮ ಕಾಯಿಗಳನ್ನೇ ಅವರ ದಾರಿಗೆ ತಂದು ನಿಲ್ಲಿಸೋಣ ಎಂದೂ ಹೇಳಿಕೊಟ್ಟೆ. ಸಾರಕ್ಕಿ ಅಜ್ಜಿಗೆ ಇದು ಹಿಡಿಸಲಿಲ್ಲ. "ಆಟ ಅಂದ್ಮೇಲೆ ಆಟ ಕಣವ್ವಾ," ಎಂದು ಗೊಣಗಿದರೂ ಒಪ್ಪಿದರು.

ಆ ದಿನ ಅತ್ತೆ ನಮ್ಮ ಐದು ಕಾಯಿ ಹೊಡೆದು, ನಾಲ್ಕೂ ಗುಂಡಿಗಳನ್ನು ನಡುಮನೆಗೆ ಸೇರಿಸಿ, ನಾವು ಇನ್ನೂ ಹೊರಸುತ್ತಿನಲ್ಲಿರುವಾಗಲೇ ಗೆದ್ದುಬಿಟ್ಟರು. ನಾವು ಮೂವರೂ ಚಪ್ಪಾಳೆ ತಟ್ಟಿದೆವು. ಅವರು ನಗಲಿಲ್ಲ. ಹಾಸನ್ನು ಸುತ್ತಿ ಬದಿಗಿಟ್ಟು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಸಂಜೆ ಕಾಫಿ ಕೊಡಲು ಹೋದಾಗ ಕೇಳಿದರು.

"ಇವತ್ತು ನನ್ನ ಕಾಯಿ ಎಷ್ಟು ಸಲ ಹೊಡೆದ್ರಿ?"

"ಒಂದು ಸಲಾನೂ ಇಲ್ಲ ಅತ್ತೆ. ನಿಮ್ಮ ಅದೃಷ್ಟ ಚೆನ್ನಾಗಿತ್ತು."

"ನಲವತ್ತು ವರ್ಷದಿಂದ ಆಡ್ತಿದೀನಿ. ಒಂದು ಕಾಯೂ ಕಳ್ಕೊಳ್ಳದೆ ಯಾವತ್ತೂ ಆಟ ಮುಗಿಸಿಲ್ಲ. ನರ್ಸಮ್ಮಂಗೆ ಮೂರು ಬಿತ್ತು, ಅವರ ಅಂಟುವಾಳದ ಕಾಯಿ ನನ್ನ ಗುಂಡಿ ಹಿಂದೆ ಮೂರೇ ಮನೆ ದೂರ ಇತ್ತು. ಮುಟ್ಟಿ ನೋಡಿದೀನಿ. ಅವರು ಬೇರೆ ಕಾಯಿ ನಡೆಸಿದ್ರು. ನನ್ನ ಕಣ್ಣು ಹೋಗಿದೆ ಕಣೆ, ಲೆಕ್ಕ ಹೋಗಿಲ್ಲ."

ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು. ತಪ್ಪಾಯ್ತು ಅತ್ತೆ, ಹೇಳಿಕೊಟ್ಟದ್ದು ನಾನೇ, ಅವರಿಬ್ಬರದೇನೂ ಇಲ್ಲ ಎಂದೆ. ಕಾಫಿಯ ಲೋಟ ಹಾಗೇ ಉಳಿಯಿತು. ನಾಲ್ಕು ದಿನ ಅವರು ಮತ್ತೆ ಗೋಡೆ ಕಡೆ ತಿರುಗಿ ಮಲಗಿದರು. ನನ್ನ ಕೈಯಾರೆ ಹೊಲಿದು, ನನ್ನ ಬಾಯಾರೆ ಕೆಡಿಸಿದ್ದೆ. ಐದನೆಯ ದಿನ ನಾನೇ ಹಾಸನ್ನು ಒಳಗೆ ತೆಗೆದುಕೊಂಡು ಹೋಗಿ ಅವರ ಪಕ್ಕ ಕೂತೆ.

"ಬನ್ನಿ ಅತ್ತೆ. ಇವತ್ತು ನಿಮ್ಮನ್ನ ಸೋಲಿಸ್ತೀನಿ."

"ನಿನ್ನ ಕೈಲಾಗಲ್ಲ."

"ಬಂದು ನೋಡಿ ಮತ್ತೆ."

ಎದ್ದರು. ಆದರೆ ವೆರಾಂಡದಲ್ಲಿ ಕೂತವರೇ ತಮ್ಮದೇ ಒಂದು ನಿಯಮ ಹೇಳಿದರು: ಅವರ ಕಾಯಿ ಹೊಡೆದವರು ಬಾಯಲ್ಲಿ ಹೇಳಬೇಕು, ಹೊಡೆದ ಗುಂಡಿಯನ್ನು ಅವರ ಅಂಗೈಗೇ ಕೊಡಬೇಕು. ಮೂವರೂ ಒಪ್ಪಿದೆವು.

ಆಟ ಬಿರುಸಾಗಿಯೇ ನಡೆಯಿತು. ಅತ್ತೆ ನನ್ನ ಕಾಯಿ ಎರಡು ಸಲ ಹೊಡೆದರು, ನಾನು ಸಾರಕ್ಕಿ ಅಜ್ಜಿಯದನ್ನು ಹೊಡೆದು ಒಳಸುತ್ತು ಹೊಕ್ಕೆ. ಅತ್ತೆಯ ಮೂರು ಗುಂಡಿ ಹಣ್ಣಾಗಿದ್ದವು. ಕೊನೆಯ ಗುಂಡಿ ನಡುಮನೆಗೆ ಒಂದೇ ಹೆಜ್ಜೆ ದೂರದಲ್ಲಿತ್ತು. ನನ್ನ ಬಳೆ ಚೂರು ಅದರ ಹಿಂದೆ ಎರಡನೆಯ ಮನೆಯಲ್ಲಿ. ಬೀಜ ಎಸೆದೆ. ಸರಿಯಾಗಿ ಎರಡು ಬಿತ್ತು.

ನರ್ಸಮ್ಮ ನನ್ನ ಮುಖ ನೋಡಿ ಬೇಡ ಎಂದು ತಲೆಯಾಡಿಸಿದರು. ಅತ್ತೆ ತಟ್ಟೆಗೆ ಕೈ ಹಾಕಿ, ಒಂದೊಂದೇ ಬೀಜದ ತೇದ ಬದಿ ಮುಟ್ಟಿ, ಎರಡು ಎಂದು ಖಾತ್ರಿ ಮಾಡಿಕೊಂಡು, ಕೈ ಹಿಂದೆ ತೆಗೆದರು. ಅವರಿಗೂ ಗೊತ್ತಿತ್ತು. ನಾನು ಬಳೆ ಚೂರು ಎತ್ತಿ ಎರಡು ಮನೆ ನಡೆಸಿದೆ.

"ಹೊಡೆದೆ ಅತ್ತೆ," ಎಂದು ಗುಂಡಿಯನ್ನು ಅವರ ಅಂಗೈಗೆ ಹಾಕಿದೆ.

ಅವರು ಮುಷ್ಟಿ ಬಿಗಿಹಿಡಿದರು. ಆಮೇಲೆ ಬೆರಳಾಡಿಸಿ ತಾವು ಮೊದಲು ಹೊರಟ ಕಟ್ಟೆಮನೆಯ ಅಡ್ಡಹೊಲಿಗೆ ಹುಡುಕಿ, ಗುಂಡಿಯನ್ನು ಅಲ್ಲಿ ಒತ್ತಿ ಕೂರಿಸಿದರು.

"ದರಿದ್ರದವಳೇ," ಎಂದರು. ಮುಖದ ತುಂಬ ನಗು. "ಈಗ ಯಾರ ಸರದಿ? ಬೀಜ ಎಸೀರಿ."

ಆ ದಿನ ಗೆದ್ದದ್ದು ನಾನೇ. ಕಾಫಿಯನ್ನೂ ನಾನೇ ಮಾಡಿದೆ. ಮರುದಿನ ಶಾಲೆಯಿಂದ ಬಂದು ಗೇಟು ತೆಗೆದರೆ, ಅತ್ತೆ ಆಗಲೇ ಊಟ ಮುಗಿಸಿ, ವೆರಾಂಡದಲ್ಲಿ ಹಾಸು ಬಿಡಿಸಿಕೊಂಡು, ನನ್ನ ನಾಲ್ಕು ಬಳೆ ಚೂರುಗಳನ್ನೂ ಅವುಗಳ ಮನೆಯಲ್ಲಿಟ್ಟು ಕಾಯುತ್ತ ಕೂತಿದ್ದರು.