ಹುಣಸೆ ಬೀಜದಷ್ಟು ಮುಖ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಹೆಂಡತಿ ಮದುವೆಯಾದ ವಾರದಲ್ಲೇ ಕಂಡುಹಿಡಿದಳು. ಅಲ್ಲ ಎಂದು ಸಾಧಿಸಲು ಹೋಗಿ ಆವತ್ತೂ ಕೂಗಾಡಿದೆ. ತೊಂಬತ್ತರ ದಶಕದ ನಡುಭಾಗದ ಮಾತು ಇದು. ಪಾಂಡವಪುರದಲ್ಲಿ ಬಾಡಿಗೆ ಮನೆ, ಅದೇ ಊರಿನ ಕಚೇರಿಯಲ್ಲಿ ಗುಮಾಸ್ತಿಕೆ. ಮನೆಯಲ್ಲಿ ನಾನು, ಹೆಂಡತಿ, ನಮ್ಮವ್ವ, ಮೂರೇ ಜನ. ಒಂದು ಭಾನುವಾರ ಬೆಳಿಗ್ಗೆ ರೇಷನ್ ಕಾರ್ಡು ಹುಡುಕುತ್ತ ಅವ್ವನ ಟ್ರಂಕಿಗೆ ಕೈ ಹಾಕಿದ್ದೆ. ಹಳೇ ಸೀರೆ, ಸವೆದ ಅಡಕತ್ತರಿ, ಅಪ್ಪನ ಚಾಳೀಸು, ಎಲ್ಲ ಬಂತು. ಕಾರ್ಡು ಮಾತ್ರ ಬರಲಿಲ್ಲ. ಸಿಟ್ಟು ನೆತ್ತಿಗೇರಿ ಮುಚ್ಚಳವನ್ನು ದಢಾರನೆ ಬಡಿದೆ. ಅಂಚಿನಲ್ಲಿದ್ದ ಒಂದು ಬಟ್ಟೆಗಂಟು ಅದಕ್ಕೆ ಸಿಕ್ಕಿ ನಜ್ಜಾಗಿ ನೆಲಕ್ಕೆ ಬಿತ್ತು. ಬಿಚ್ಚಿ ನೋಡಿದರೆ ರೆಕ್ಕೆಮಗು. ಮುಖವಿರಲಿಲ್ಲ.

"ಏನ್ಲಾ ಅದು ಸದ್ದು?" ಜಗಲಿಯಿಂದ ಅವ್ವ ಕೇಳಿದಳು.

"ಏನಿಲ್ಲ ಕಣವ್ವ, ಟ್ರಂಕು."

ರೆಕ್ಕೆಮಗು ಅಂದರೆ ಒಂದು ಬೊಂಬೆ. ನನ್ನ ಹೆಬ್ಬೆರಳಿಗಿಂತ ಒಂದಿಷ್ಟು ಉದ್ದ, ಅಷ್ಟೆ. ಮರದಲ್ಲಿ ಕೆತ್ತಿ, ಮೇಲೆ ಸುಣ್ಣದ ಪದರ ಬಳಿದು ಬಣ್ಣ ಹಚ್ಚಿದ್ದು. ಬೆನ್ನ ಮೇಲೆ ಎರಡು ರೆಕ್ಕೆ ಇರುವ ಪುಟ್ಟ ಹುಡುಗಿ, ಕುದುರೆ ಮೈ, ಆಡಿನ ಕೊಂಬು, ನವಿಲಿನ ಬಾಲ ಇರುವ ಒಂದು ಪ್ರಾಣಿಯ ಮೇಲೆ ಕೂತಿದ್ದಾಳೆ. ಅಂಥ ಪ್ರಾಣಿ ಯಾವ ಲೋಕದ್ದೋ ಯಾರಿಗೂ ತಿಳಿಯದು. ಹುಡುಗಿಯ ಮುಖ ಹುಣಸೆ ಬೀಜದಷ್ಟು. ಅದರಲ್ಲಿ ಕಣ್ಣು, ಮೂಗು, ಬಾಯಿ, ಹಣೆಗೆ ಬೊಟ್ಟು ಎಲ್ಲ ಇದ್ದವು. ಈಗ ಪದರ ಪುಡಿಪುಡಿಯಾಗಿ ಬಟ್ಟೆಯಲ್ಲಿ ಉದುರಿಕೊಂಡಿತ್ತು, ಮರ ಬೆತ್ತಲಾಗಿ ಕಾಣುತ್ತಿತ್ತು.

ಅದು ಆಟದ ಬೊಂಬೆಯಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ನಾನು ಹುಟ್ಟುವ ಮೊದಲು ನನಗೊಬ್ಬಳು ಅಕ್ಕ ಇದ್ದಳು. ನಾಲ್ಕು ವರ್ಷಕ್ಕೆ ಜ್ವರ ಬಂದು ತೀರಿಕೊಂಡಳು. ನಮ್ಮ ಹಳ್ಳಿಯಲ್ಲಿ ಆಗ ಫೋಟೋ ತೆಗೆಸುವವರಾದರೂ ಯಾರಿದ್ದರು? ಅವ್ವ ಊಟ ಬಿಟ್ಟು ಮಲಗಿದ್ದಾಳೆಂದು, ಮನಸ್ಸು ಬೇರೆ ಕಡೆ ಹೋಗಲೆಂದು, ಅಪ್ಪ ಅವಳನ್ನು ಸಂತೆಬಾಚಹಳ್ಳಿ ಸಂತೆಗೆ ಕರೆದುಕೊಂಡು ಹೋದರಂತೆ. ಅಲ್ಲಿ ಒಬ್ಬ ಬೊಂಬೆ ಮಾರುವವನ ಬುಟ್ಟಿಯ ಮುಂದೆ ಅವ್ವ ಕೂತವಳು ಏಳಲೇ ಇಲ್ಲ. "ನಮ್ ಮಗೀನ ಮುಕ, ನಮ್ ಮಗೀನ ಮುಕ" ಎಂದು ಅಷ್ಟೇ ಹೇಳುತ್ತಿದ್ದಳಂತೆ. ಅಪ್ಪ ಅದನ್ನು ತಂದರು. ಅವ್ವ ಆವತ್ತು ಉಂಡಳು. ಅಲ್ಲಿಂದ ಮುಂದೆ ಪ್ರತಿ ವರ್ಷ ಮಾರ್ಲಮಿ ಹಬ್ಬದಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುವಾಗ, ಗೋಡೆಯ ಮೂಲೆಯಲ್ಲಿ ರೆಕ್ಕೆಮಗುವನ್ನೂ ಕೂರಿಸಿ ಒಂದು ಕಜ್ಜಾಯ ಇಡುತ್ತಿದ್ದಳು. ನನಗೆ ನನ್ನ ಅಕ್ಕ ಎಂದರೆ ಆ ಮುಖವೇ. ಆದರೂ ನಾನು ಅದನ್ನು ಸರಿಯಾಗಿ ನೋಡಿದ್ದು ಯಾವಾಗ? ಕಜ್ಜಾಯದ ಮೇಲೇ ಕಣ್ಣಿರುತ್ತಿತ್ತು.

ಆ ವರ್ಷ ಅವ್ವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕೆ.ಆರ್. ಪೇಟೆಯಲ್ಲಿ ಕಣ್ಣಿನ ಕ್ಯಾಂಪು ನಡೆಯುತ್ತದೆ, ಆಪರೇಷನ್ ಆದ ಮೇಲೆ ಕನ್ನಡಕ ಕೊಡುತ್ತಾರೆ, ಮಾರ್ಲಮಿ ಹೊತ್ತಿಗೆ ಎಲ್ಲ ಕಾಣುತ್ತದೆ ಎಂದು ನಾನೇ ಒಪ್ಪಿಸಿದ್ದೆ. "ಕಣ್ ಬಂದ್ಮೇಲೆ ಮೊದ್ಲು ಮಗೀನ ಮುಕ ನೋಡ್ಬೇಕು ಕಣ್ಲಾ" ಎಂದು ಅವಳು ದಿನಕ್ಕೆರಡು ಸಲ ಹೇಳುತ್ತಿದ್ದಳು. ಹಬ್ಬಕ್ಕೆ ಇರುವುದು ಎರಡೂವರೆ ತಿಂಗಳು. ನಾನು ಸುಳ್ಳು ಹೇಳಿದೆ: "ಬೊಂಬೆ ಬಣ್ಣ ಮಾಸೋಗದೆ ಕಣವ್ವ. ಅಬ್ಬದೊತ್ಗೆ ಒಸ ಬಣ್ಣ ಆಕ್ಕೊಡ್ತೀನಿ." ಅವಳು ಹಿಗ್ಗಿಹೋದಳು.

ನಾನು ಹುಟ್ಟಿದಾರಭ್ಯ ಕುಂಚ ಹಿಡಿದವನಲ್ಲ. ಮೊದಲು ಮೂಗು ಕೂರಬೇಕು, ಆಮೇಲೆ ಬಣ್ಣ. ಕಚೇರಿ ಕೆಲಸದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋದಾಗ ಅಲ್ಲೊಂದು ಹಳೇ ಗೋಡೆಗೆ ಗಾರೆ ಮೆತ್ತುತ್ತಿದ್ದ ಮುದುಕ ಮೇಸ್ತ್ರಿಯನ್ನು ಕೇಳಿದೆ. "ಬರೀ ಸುಣ್ಣ ನಿಲ್ಲಾಕಿಲ್ಲ ಸ್ವಾಮಿ, ಬೆಲ್ಲದ್ ನೀರು ಬುಡ್ಬೇಕು" ಎಂದ. ಎಷ್ಟು ಎಂದೆ. "ಕೈಗೇ ಗೊತ್ತಾಯ್ತದೆ ಬುಡಿ" ಎಂದ. ಕಬ್ಬಿನ ಸೀಮೆಯವನ ಕೈಗೆ ಬೆಲ್ಲದ ವಿಷಯದಲ್ಲಿ ಗೊತ್ತಾಗುವುದು ಇನ್ನಷ್ಟು ಹಾಕು ಎಂಬುದೊಂದೇ. ನಾನು ಉಂಡೆ ಬೆಲ್ಲವನ್ನೇ ಕರಗಿಸಿ, ಸುಣ್ಣ ಕಲಸಿ, ಸೂಜಿಯ ತುದಿಯಲ್ಲಿ ಎಳ್ಳುಕಾಳಿನಷ್ಟು ಮೂಗು, ಎರಡು ಕೆನ್ನೆ, ಒಂದು ಗಲ್ಲ ಮಾಡಿದೆ. ಎಷ್ಟು ಚೆನ್ನಾಗಿ ಬಂತೆಂದರೆ ನನಗೆ ನಾನೇ ಶಭಾಷ್ ಎಂದುಕೊಂಡೆ. ಒಣಗಲೆಂದು ಕಿಟಕಿಯಲ್ಲಿಟ್ಟೆ.

ಬೆಳಿಗ್ಗೆ ಹೆಂಡತಿ ಅಡುಗೆಮನೆಯಿಂದ ಕರೆದಳು. "ರೀ, ನಿಮ್ ಮೂಗು ಒಯ್ತಾ ಅದೆ, ಬನ್ನಿ!"

ಕಿಟಕಿಯಿಂದ ಗೋಡೆಯುದ್ದಕ್ಕೂ ಇರುವೆ ಸಾಲು. ಮುಂದೆ ನಾಲ್ಕು ಕೆಂಪಿರುವೆಗಳು ನನ್ನ ಮೂಗನ್ನು ಹೊತ್ತು ಸಾಗುತ್ತಿದ್ದವು. ಕೆನ್ನೆಗಳು ಆಗಲೇ ಬಿಲ ಸೇರಿದ್ದವು. ನಾನು ಕೂಗಾಡಿದೆ, ಇರುವೆಗೆ ಬೈದೆ, ಮೇಸ್ತ್ರಿಗೆ ಬೈದೆ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತ ಗೋಡೆಗೆ ಒರಗಿಬಿಟ್ಟಳು. ಮುಂದಿನ ವಾರ ಮೇಸ್ತ್ರಿಗೆ ದಬಾಯಿಸಲು ಹೋದರೆ, "ಬೆಲ್ಲದ್ ನೀರು ಅಂದೆ ಸ್ವಾಮಿ, ಪಾಯ್ಸ ಮಾಡು ಅಂದ್ನಾ?" ಎಂದು ಕರಣೆ ಕೆಳಗಿಟ್ಟು ನಕ್ಕ. ಕೊನೆಗೆ ಹುಣಸೆ ಬೀಜ ಅರೆದು ಬೇಯಿಸಿದ ಅಂಟಿನಲ್ಲಿ ಸುಣ್ಣ ಕಲಸಲು ಅವನೇ ಹೇಳಿಕೊಟ್ಟ. ಅದು ನಿಂತಿತು.

ಬಣ್ಣಕ್ಕೆ ನಾಗಮಂಗಲದವನು ಸಿಕ್ಕಿದ. ಅದು ನನ್ನ ಹೆಂಡತಿಯ ತವರು. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ತೆಂಗಿನಕಾಯಿ ಲಾರಿಗಳಿಗೆ ಹೂಬಳ್ಳಿ, ಹುಲಿಮುಖ ಬರೆಯುತ್ತಿದ್ದ ಒಬ್ಬ ಪೇಂಟರು. ಬೊಂಬೆಯನ್ನು ಅಂಗೈಯಲ್ಲಿಟ್ಟುಕೊಂಡು, "ಲಾರಿ ಮೂತಿ ಬರ್ಯೋನ್ ತಾವ ಇದ್ನ ತಂದಿದ್ದೀರಲ್ಲ ಸ್ವಾಮಿ" ಎಂದ. ನೀನೇ ಬರೆದುಕೊಡು ಎಂದು ಗೋಗರೆದೆ. ತಲೆಯಾಡಿಸಿದ. "ನಿಮ್ಮನೆ ಮಗೀನ ಮುಕ ನಂಗೇನ್ ಗೊತ್ತು? ಗೊತ್ತಿರೋರೇ ಬರೀಬೇಕು." ಆ ಮುಖ ನನಗೂ ಗೊತ್ತಿರಲಿಲ್ಲ. ಒಂದು ಸವೆದ ಕುಂಚದ ಕೂದಲನ್ನೆಲ್ಲ ಕಿತ್ತು ನಾಲ್ಕೈದು ಮಾತ್ರ ಉಳಿಸಿ ನನ್ನ ಕೈಗಿಟ್ಟ. "ಮೊಣಕೈ ಊರ್ಕಳಿ. ಉಸ್ರು ಪೂರಾ ಬುಟ್ಬುಡಿ. ಮತ್ತೆ ಎಳ್ಕಳಾ ಮುಂಚೆ ಗೆರೆ ಎಳ್ದ್ಬುಡಿ. ಕಣ್ಣಿಗ್ ಬಿಳಿ ಜಾಸ್ತಿ ಬುಡ್ಬ್ಯಾಡಿ, ದೆವ್ವ ನೋಡ್ದಂಗಾಯ್ತದೆ."

ಆ ದಿನ ಬಸ್ಸಿನಲ್ಲಿ ವಾಪಸ್ಸು ಬಂದದ್ದು ನನಗೆ ಇಂದಿಗೂ ಒಂದು ಜೊಂಪಿನ ಹಾಗೆ ನೆನಪಿದೆ. ಮಧ್ಯಾಹ್ನದ ಬಿಸಿಲು, ರಾಗಿ ಹೊಲ, ತೆಂಗಿನ ಸಾಲು, ಮತ್ತೆ ರಾಗಿ ಹೊಲ. ಬಸ್ಸಿನಲ್ಲಿ ಯಾವ ಮಗುವಿನ ಮುಖ ನೋಡಿದರೂ ಇದಿರಬಹುದೇ ಎನಿಸುತ್ತಿತ್ತು. ಒಂದು ಮಗು ತಾಯಿಯ ಹೆಗಲ ಮೇಲಿಂದ ನನ್ನನ್ನೇ ದಿಟ್ಟಿಸುತ್ತಿತ್ತು. ಕಣ್ಣು ಮುಚ್ಚಿದರೆ ನಾಲೆಯ ಏರಿಯ ಮೇಲೆ ಪುಟ್ಟ ಹುಡುಗಿಯೊಬ್ಬಳು ನನ್ನ ಮುಂದೆ ಮುಂದೆ ನಡೆಯುತ್ತಿದ್ದಳು. ಅಕ್ಕಾ ಎಂದು ಕೂಗಿದೆ. ಮೂವತ್ತೈದರ ನಾನು, ನಾಲ್ಕರ ಅವಳು. ಅವಳು ಇನ್ನೇನು ತಿರುಗಬೇಕು ಅನ್ನುವಾಗ ಕಂಡಕ್ಟರು ನನ್ನ ಭುಜ ತಟ್ಟಿ ಪಾಂಡವಪುರ ಎಂದ.

ಭಾನುವಾರಗಳೆಲ್ಲ ಕಿಟಕಿಯಲ್ಲಿ ಕಳೆದವು. ಮೊಣಕೈ ಊರಿ, ಉಸಿರು ಬಿಟ್ಟು, ಆ ಉಸಿರಿಲ್ಲದ ಒಂದು ಗಳಿಗೆಯಲ್ಲಿ ಹುಬ್ಬು ಎಳೆಯುತ್ತಿದ್ದೆ. ಆಗ ನನ್ನೊಳಗೆ ಕೋಪವೂ ಇರುತ್ತಿರಲಿಲ್ಲ, ಕಚೇರಿಯೂ ಇರುತ್ತಿರಲಿಲ್ಲ. ಆಲೆಮನೆಯ ಹೊಗೆಯ ಸಿಹಿ ವಾಸನೆ ಎಲ್ಲಿಂದಲೋ ತೇಲಿ ಬರುತ್ತಿತ್ತು. ಬೊಂಬೆ ನನಗಿಂತ ದೊಡ್ಡದಾಗಿ, ನಾನು ಅದರ ಕೆನ್ನೆಯ ಮೇಲೆ ಎಲ್ಲೋ ಅಲೆಯುತ್ತಿದ್ದೇನೆ ಎನಿಸುತ್ತಿತ್ತು. ಎಚ್ಚರಾಗಿ ನೋಡಿದರೆ ಯಾರ ಮುಖವೋ ಬಂದಿರುತ್ತಿತ್ತು. ಮೊದಲನೆಯದನ್ನು ನೋಡಿ ಹೆಂಡತಿ, "ಅಯ್ಯೋ, ನಿಮ್ಮ ಸಾಯೇಬ್ರು!" ಎಂದಳು. ಸೀಮೆಎಣ್ಣೆಯಲ್ಲಿ ಒರೆಸಿದೆ. ಎರಡನೆಯದಕ್ಕೆ ಮೆಳ್ಳೆಗಣ್ಣು. ಮೂರನೆಯದು ಅಳುತ್ತಿತ್ತು. ಒಟ್ಟು ಏಳು ಮುಖ ಒರೆಸಿರಬೇಕು.

ಕಡೆಗೆ ಅವ್ವನನ್ನೇ ಕೇಳತೊಡಗಿದೆ. ಅಕ್ಕ ಹೇಗಿದ್ದಳು? "ದುಂಡ್ ಮುಕ ಕಣ್ಲಾ, ಚಂದ್ರನಂಗೆ." ಮಾರನೇ ದಿನ ಕೇಳಿದರೆ ಕೋಲುಮುಖ. ಒಮ್ಮೆ ಹುಬ್ಬು ಕೂಡಿತ್ತು, ಒಮ್ಮೆ ಬಿಡಿಯಾಗಿತ್ತು. ನನ್ನ ತಾಳ್ಮೆ ಎಷ್ಟು ದಿನ ಬಂದೀತು? ಒಂದು ಸಂಜೆ ಸಿಡಿದುಬಿಟ್ಟೆ: "ಒಂದಿನ ಅಂಗಂತೀಯ, ಒಂದಿನ ಇಂಗಂತೀಯ! ನೀನೇ ಎತ್ತ ಮಗೀನ ಮುಕ ಗೊತ್ತಿಲ್ವೇನವ್ವ ನಿಂಗೆ?"

ಅವ್ವ ಮೆಲ್ಲಗೆ ಅಂದಳು. "ಮರ್ತೋಗದೆ ಕಣ್ಲಾ. ಯಾವಾಗ್ಲೋ ಮರ್ತೋಯ್ತು. ಬೊಂಬೆ ನೋಡ್ತಾ ನೋಡ್ತಾ ಅದ್ರ ಮುಕನೇ ಅವ್ಳ ಮುಕ ಆಗೋಯ್ತು. ಅದ್ಕೇ ಕಣ್ಣು ಬೇಕು ಅಂತಿರೋದು ನಾನು."

ಲೋಕದಲ್ಲಿ ನನ್ನ ಅಕ್ಕನ ಮುಖ ಇದ್ದದ್ದು ಒಂದೇ ಕಡೆ, ಅದನ್ನು ಒಂದು ರೇಷನ್ ಕಾರ್ಡಿನ ಸಿಟ್ಟಿಗೆ ನಾನು ಪುಡಿ ಮಾಡಿದ್ದೆ. ಅಲ್ಲೇ ಅವಳ ಕಾಲ ಬಳಿ ಕೂತು ಎಲ್ಲ ಹೇಳಿಬಿಟ್ಟೆ. ಅವಳು ಬೈದಿದ್ದರೆ ಒಳ್ಳೆಯದಿತ್ತು. ಗೋಡೆ ತಡವುತ್ತ ಎದ್ದು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ಆಪರೇಷನ್ನಿಗೆ ಕೆ.ಆರ್. ಪೇಟೆಗೆ ಕರೆದುಕೊಂಡು ಹೋಗುವಾಗಲೂ, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬರುವಾಗಲೂ ನನ್ನ ಕೈ ಹಿಡಿದೇ ನಡೆದಳು, ಆದರೆ ನನ್ನ ಜೊತೆ ಮಾತಾಡಲಿಲ್ಲ.

ಎಂಟನೆಯ ಮುಖ ಬರೆದದ್ದು ಆ ದಿನಗಳಲ್ಲಿ. ಏನು ಮಾಡುವುದು? ಕ್ಷೌರದ ಕನ್ನಡಿಯನ್ನು ಕಿಟಕಿಗೆ ಒರಗಿಸಿ ನನ್ನ ಮುಖವನ್ನೇ ನೋಡಿಕೊಂಡೆ. ಮೀಸೆ ಬಿಟ್ಟರೆ, ಸಿಟ್ಟು ಬಿಟ್ಟರೆ ಅದರಲ್ಲಿ ಅವಳದ್ದು ಎಷ್ಟೋ ಒಂದಿಷ್ಟು ಇರಲೇಬೇಕು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ? ಉಸಿರು ಬಿಟ್ಟು ಬಿಟ್ಟು ಬರೆದೆ. ಕಡೆಯಲ್ಲಿ ಕಣ್ಣಿಗೆ ಎರಡು ಕಪ್ಪು ಚುಕ್ಕೆ. ಈ ಸಲ ಹೆಂಡತಿ ತಮಾಷೆ ಮಾಡಲಿಲ್ಲ, ಸೀಮೆಎಣ್ಣೆ ಸೀಸೆಯನ್ನು ಎತ್ತಿ ಒಳಗಿಟ್ಟಳು.

ಕನ್ನಡಕ ಬಂದ ಬೆಳಿಗ್ಗೆ ಅವ್ವ ಜಗಲಿಯ ಬಿಸಿಲಲ್ಲಿ ಕೂತಿದ್ದಳು. ದಪ್ಪ ಗಾಜಿನ ಹಿಂದೆ ಅವಳ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತಿತ್ತು! ರೆಕ್ಕೆಮಗುವನ್ನು ಅವಳ ಅಂಗೈಗೆ ಇಟ್ಟೆ. ಅವಳು ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡಿದಳು.

"ಚೆಂದಾಗದೆ" ಎಂದಳು. ಎದುರುಮನೆಗೆ ಬಂದ ನೆಂಟರ ಮಗುವನ್ನು ನೋಡಿ ಅನ್ನುತ್ತಾರಲ್ಲ, ಅದೇ ದನಿ. "ಯಾರ್ ಮಗೀನ ಮುಕನೋ, ಚೆಂದಾಗದೆ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವ್ವ ಹೆಂಡತಿಯನ್ನು ಕರೆದು, "ಕಾಡಿಗೆ ತತ್ತಾ ಕಣವ್ವ" ಎಂದಳು. ಕಣ್ಣಿಗೆ ಏನೂ ಹಚ್ಚಬಾರದು ಅಂತ ಡಾಕ್ಟ್ರು ಅಂದವ್ರೆ ಎಂದು ಇವಳು ಗಾಬರಿಯಾದಳು. "ನನ್ ಕಣ್ಗಲ್ಲ. ಚೆಂದಾಗಿರೋ ಮಗಾನ ಬೊಟ್ಟಿಕ್ದೆ ಬುಟ್ಟಾರಾ? ದೃಷ್ಟಿ ಆಗಾಕಿಲ್ವಾ?"

ಕಾಡಿಗೆ ಡಬ್ಬಿ ಬಂತು. ಅವ್ವ ಉಂಗುರದ ಬೆರಳನ್ನು ಅದ್ದಿ ಬೊಂಬೆಯ ಹತ್ತಿರ ತಂದಳು. ಬೆರಳು ಆ ಮುಖಕ್ಕಿಂತ ದೊಡ್ಡದಿತ್ತು. ಎಲ್ಲಿಡಬೇಕು ತಿಳಿಯದೆ ಬೆರಳು ಗಾಳಿಯಲ್ಲೇ ನಿಂತಿತು. ಆಮೇಲೆ, ಅವಳಿಗೇ ಗೊತ್ತಿಲ್ಲದ ಹಾಗೆ, ಅದು ಬೊಂಬೆಯನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ಜಗಲಿಯ ಕೆಳಗೆ, ಅವಳ ಮೊಣಕಾಲಿಗೆ ಒರಗಿ ಒಂದು ನಾಲ್ಕು ವರ್ಷದ ಮಗು ನಿಂತಿದ್ದರೆ ಅದರ ಎಡಗೆನ್ನೆ ಎಷ್ಟು ಎತ್ತರದಲ್ಲಿ ಇರುತ್ತಿತ್ತೋ ಅಷ್ಟು ಎತ್ತರದಲ್ಲಿ, ಬರೀ ಬಿಸಿಲಿನಲ್ಲಿ, ಬೆರಳ ತುದಿ ಒಂದಿಷ್ಟು ಒಳಕ್ಕೆ ಒತ್ತಿತು. ಬೆರಳು ಅಲ್ಲೇ ನಿಂತಿತು.

"ಗುಳಿ" ಎಂದಳು.

"ಏನವ್ವ?"

"ಇಲ್ಲಿ ಗುಳಿ ಬೀಳದು ಕಣ್ಲಾ ಅವ್ಳಿಗೆ. ಬೊಟ್ಟಿಕ್ಕೋವಾಗ ಕಚಗುಳಿ ಆಗಿ ನಗೋಳು. ನಗ್ತಾ ಇದ್ರೆ ನನ್ ಬೆರಳು ಗುಳೀಲಿ ಕುಂತ್ಕಳದು." ಅವ್ವ ಬೊಂಬೆಯ ಕಡೆ ತಿರುಗಿದಳು. "ಸಂತೆ ಬೊಂಬೇಲಿ ಅದು ಇರ್ನೇ ಇಲ್ಲ ಕಣ್ಲಾ. ಇಷ್ಟ್ ವರ್ಸ ನಾನು ಗುಳಿ ಇಲ್ದಿರೋ ಮುಕಾನೇ ನೋಡ್ಕಂಡ್ ಕುಂತಿದ್ನಲ್ಲೋ."

ನಾನು ಬಿಕ್ಕಿ ಬಿಕ್ಕಿ ಅತ್ತೆ, ಹೆಂಡತಿಯ ಎದುರಿಗೇ. ಅವ್ವ ಅಳಲಿಲ್ಲ. ಕುಂಚ ತಂದು ನೀನೇ ಆ ಗುಳಿ ಬರಿ ಎಂದಳು. ಮೊಣಕೈ ಊರಿ, ಬಾರದ ಉಸಿರನ್ನು ಹೇಗೋ ಬಿಟ್ಟು, ರೆಕ್ಕೆಮಗುವಿನ ಎಡಗೆನ್ನೆಗೆ ಸಾಸಿವೆಗಿಂತ ಚಿಕ್ಕದೊಂದು ನೆರಳು ಇಟ್ಟೆ. ಅವ್ವ ಪೊರಕೆಕಡ್ಡಿಯ ತುದಿಯನ್ನು ಕಾಡಿಗೆಯಲ್ಲಿ ಅದ್ದಿ, ಆ ನೆರಳಿನ ಮೇಲೆ ಬೊಟ್ಟಿಟ್ಟಳು. ಬೆರಳಿಗೆ ಉಳಿದಿದ್ದ ಕಾಡಿಗೆಯನ್ನು ತನ್ನ ನೆರೆತ ಕೂದಲಿಗೆ ಒರೆಸಿಕೊಂಡಳು. ಬೊಂಬೆಯನ್ನು ಬಿಸಿಲಿಗೆ ನಿಲ್ಲಿಸಿ, ಬೆನ್ನಿಗೆ ಮೆಲ್ಲಗೆ ಒಂದು ತಟ್ಟಿದಳು.

"ಊಂ, ಆಯ್ತು. ಓಗು, ಆಡ್ಕೋ ಓಗು."