ಫ್ಯಾನಿನ ಮೇಲಿದ್ದ ಕುಂಕುಮದ ಬೊಟ್ಟು

ಆಯುಧಪೂಜೆಯ ಹಿಂದಿನ ದಿನ ನಮ್ಮ ಆಫೀಸಿನಲ್ಲಿ ಯಾರೋ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದರು. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಹಚ್ಚುತ್ತಾರಲ್ಲ, ಅದೇ ಸ್ಪಿರಿಟ್. ಕೀಬೋರ್ಡ್, ಮಾನಿಟರ್ ಒರೆಸಲೆಂದು ನಾನೇ ತರಿಸಿದ್ದು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಟ್ಟು ನೆತ್ತಿಗೇರಿತು. "ಯಾರು ತೆಗ್ದಿದ್ದು ಅದನ್ನ?" ಎಂದು ಕೂಗಿಬಿಟ್ಟೆ. ನನ್ನ ಬಳಿ ಡ್ರಾಯಿಂಗ್ ಮಾಡುವ ಇಬ್ಬರು ಹೆಣ್ಣುಮಕ್ಕಳು, ಪಾಪ, ಒರೆಸುವ ಬಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತರು. ಅವರ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಮತ್ತೆ ಯಾರ ಮೇಲೆ ಎಂದರೆ, ಹೇಳಲು ಸ್ವಲ್ಪ ಹೊತ್ತು ಬೇಕು...

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಪೀಣ್ಯದಲ್ಲಿ ವಾಲ್ವ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತ್ತು. ಕೆಳಗೆ ಲೇಥುಗಳು, ಡ್ರಿಲ್ಲಿಂಗ್ ಮೆಷೀನುಗಳು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೊಂದು ಗಾಜಿನ ಕೋಣೆ, ಅದರಲ್ಲಿ ನಾನು ಮತ್ತು ಇಡೀ ಕಾರ್ಖಾನೆಗೆ ಇದ್ದ ಒಂದೇ ಒಂದು ಡ್ರಾಯಿಂಗ್ ಕಂಪ್ಯೂಟರ್. ನಾವು ಅಲ್ಲೇ ಹಿಂದಿನ ಹಳ್ಳಿಯವರು. ನಮ್ಮ ಹೊಲವಿದ್ದ ಕಡೆಯೆಲ್ಲ ಶೆಡ್ಡುಗಳು ಎದ್ದಿದ್ದವು, ಅಪ್ಪ ಬಾಡಿಗೆ ಮನೆ ಕಟ್ಟಿಸಿಕೊಂಡು ಕೂತಿದ್ದ. ಮಗಳು ಗಂಡಸರ ಕಾರ್ಖಾನೆಯಲ್ಲಿ ಕೆಲಸ ಮಾಡುವುದು ಅವನಿಗೆ ಸುತರಾಂ ಇಷ್ಟವಿರಲಿಲ್ಲ. "ಓಗು, ಒಂದು ವರ್ಷ ನೋಡ್ತೀನಿ. ಇಂಗಾಯ್ತು, ಅಂಗಾಯ್ತು ಅಂತ ಒಂದು ಮಾತು ಕಿವಿಗ್ ಬಿತ್ತೋ, ಮನೇಲಿರ್ಬೇಕು" ಎಂದಿದ್ದ. ಕಾರ್ಖಾನೆಯ ಓನರು ಅಪ್ಪನಿಗೆ ಗೊತ್ತಿದ್ದವರೇ ಆದ್ದರಿಂದ ಮಾತು ಕಿವಿಗೆ ಬೀಳಲು ಬಹಳ ದೂರ ಬರಬೇಕಾಗಿರಲಿಲ್ಲ.

ಆ ಕಂಪ್ಯೂಟರನ್ನು ನೋಡಿಕೊಳ್ಳಲು ತಿಂಗಳಿಗೊಮ್ಮೆ ಬರುತ್ತಿದ್ದವರನ್ನು ನಾವೆಲ್ಲ ಕಂಪ್ಯೂಟರ್ ಅಂಕಲ್ ಎನ್ನುತ್ತಿದ್ದೆವು. ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಸ್ವಯಂ ನಿವೃತ್ತಿ ತೆಗೆದುಕೊಂಡು, ಹಳೇ ಸ್ಕೂಟರಿನಲ್ಲಿ ಪೀಣ್ಯದ ಶೆಡ್ಡಿನಿಂದ ಶೆಡ್ಡಿಗೆ ಅಲೆದು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಮಹಾ ಸಿಡುಕು. ಬಂದವರೇ "ಎಲ್ಲಾ ಕ್ಲೋಸ್ ಮಾಡಿ, ಕೈ ಎತ್ತಿ" ಎನ್ನುವರು. ಪೊಲೀಸರು ಹಿಡಿದವರ ಹಾಗೆ ನಾನು ಕೈ ಎತ್ತಿ ಕುರ್ಚಿ ಹಿಂದಕ್ಕೆ ತಳ್ಳಬೇಕು. ಆಮೇಲೆ ಹತ್ತು ನಿಮಿಷ ಏನೂ ಇಲ್ಲ. ಕಂಪ್ಯೂಟರ್ ಏನೂ ಕೆಲಸ ಮಾಡದೆ ಸುಮ್ಮನೆ ಆನ್ ಆಗಿರಬೇಕು, ಅವರು ಕೈಕಟ್ಟಿ ಅದನ್ನೇ ನೋಡುತ್ತಿರಬೇಕು. "ಕೆಲಸ ಮಾಡ್ವಾಗ ಯಾವನಿಗಾದ್ರೂ ಬಿಸಿ ಏರತ್ತಮ್ಮ. ಸುಮ್ನೆ ಕೂತಾಗ ಎಷ್ಟಿದೆ ಅನ್ನೋದನ್ನ ನೋಡ್ಬೇಕು" ಎನ್ನುತ್ತಿದ್ದರು. ಒಳಗಿನ ಬಿಸಿ ಎಷ್ಟೆಂದು ಪರದೆಯ ಮೇಲೆ ಬರುತ್ತಿತ್ತು, ನಮ್ಮದು ನಲವತ್ತೆರಡು, ನಲವತ್ಮೂರು ಡಿಗ್ರಿ ತೋರಿಸುತ್ತಿತ್ತು. ಆಗ ಮಾತ್ರ ಮುಖ ಸ್ವಲ್ಪ ಸಡಿಲವಾಗುತ್ತಿತ್ತು.

ಕಂಪ್ಯೂಟರಿನ ಡಬ್ಬಿಯ ಒಳಗೆ ಅವರು ಏನು ಮಾಡುತ್ತಾರೆ ಎಂದು ಇಣುಕಿದರೆ "ಒಳಗ್ ಕೈ ಹಾಕ್ಬೇಡಿ" ಎಂದು ಗದರುವರು. ಯಾಕೆ ಹಾಕಬಾರದು ಎಂದು ಒಂದು ದಿನವೂ ಹೇಳಲಿಲ್ಲ. ಇಷ್ಟು ವರ್ಷ ಕಳೆದರೂ ಅವರ ಮೇಲೆ ನನಗಿರುವ ಮೊದಲ ಸಿಟ್ಟು ಇದೇ. ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಪೀಣ್ಯದ ಆಯುಧಪೂಜೆ ನೋಡದವರಿಗೆ ಹೇಳಬೇಕು. ಎರಡು ದಿನ ಮೊದಲಿನಿಂದಲೇ ಯಾವ ಶೆಡ್ಡಿನಲ್ಲೂ ಉತ್ಪಾದನೆ ಇರುವುದಿಲ್ಲ. ವರ್ಷವಿಡೀ ಗ್ರೀಸು, ಲೋಹದ ಪುಡಿ ಮೆತ್ತಿಕೊಂಡ ಮೆಷೀನುಗಳನ್ನು ಸೀಮೆಎಣ್ಣೆ ಹಾಕಿ ಉಜ್ಜಿ, ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿ ತೊಳೆದು ಕಟ್ಟುತ್ತಾರೆ. ಯಾರ ಮೆಷೀನು ಹೆಚ್ಚು ಹೊಳೆಯಿತು ಎಂದು ಕೆಳಗಿನವರಲ್ಲಿ ಪೈಪೋಟಿ. ಲೇಥಿನ ಫೋರ್‌ಮನ್ ನನ್ನನ್ನು ನೋಡಿ, "ನಿಮ್ದೇನು ಮೇಡಂ, ಮೇಲಿಂದ ಒಂದು ಬಟ್ಟೆ ಎಳೆದ್ರೆ ಆಗೋಯ್ತು" ಎಂದು ನಕ್ಕ. ನನಗೆ ರೋಷ ಬಂತು. ನನ್ನದೂ ಮೆಷೀನೇ, ನಾನೂ ಬಿಚ್ಚಿಯೇ ತೊಳೆಯುತ್ತೇನೆ ಎಂದುಕೊಂಡೆ. ಅಂಕಲ್ ಸರ್ವಿಸ್ ಮಾಡಿ ಹೋಗಿ ಆಗ ಒಂದು ವಾರವಷ್ಟೇ ಆಗಿತ್ತು.

ಕೋಣೆಯ ಬಾಗಿಲು ಹಾಕಿಕೊಂಡು ಡಬ್ಬಿ ತೆಗೆದೆ. ಧೂಳು ಊದಿದೆ. ಫ್ಯಾನನ್ನೂ ಅದರ ಕೆಳಗಿನ ಅಲ್ಯೂಮಿನಿಯಂ ಗಟ್ಟಿಯನ್ನೂ ಕ್ಲಿಪ್ಪು ಸರಿಸಿ ಎತ್ತಿದೆ. ಅಡಿಯಲ್ಲಿ ಪ್ರೊಸೆಸರ್ ಎಂಬ ಸಣ್ಣ ಬಿಲ್ಲೆ. ಅದರ ಮೇಲೂ ಗಟ್ಟಿಯ ತಳದಲ್ಲೂ ಬೂದುಬಣ್ಣದ ಏನೋ ಒಂದು ಮೆತ್ತಿಕೊಂಡಿತ್ತು, ಒಣಗಿದ ಟೂತ್‌ಪೇಸ್ಟಿನ ಹಾಗೆ. ಥೂ, ಇಷ್ಟು ಕೊಳೆ ಬಿಟ್ಟು ಹೋಗಿದ್ದಾರಲ್ಲ ಈ ಮನುಷ್ಯ ಎಂದುಕೊಂಡೆ. ಸ್ಪಿರಿಟ್ ಹಾಕಿ ಉಜ್ಜಿದೆ, ಉಗುರಿನಿಂದ ಕೆರೆದೆ. ಎರಡೂ ಹೊಸ ಸ್ಟೀಲ್ ತಟ್ಟೆಯಂತೆ ಹೊಳೆಯತೊಡಗಿದವು. ಮೊದಲಿದ್ದಂತೆಯೇ ಕೂರಿಸಿ, ಫ್ಯಾನಿನ ಚೌಕಟ್ಟಿಗೆ ಒಂದು ಕುಂಕುಮದ ಬೊಟ್ಟು ಇಟ್ಟು, ಡಬ್ಬಿ ಮುಚ್ಚಿದೆ. ಮರುದಿನ ಹೊರಗೂ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದೆವು, ಬೂದುಗುಂಬಳ ಒಡೆದರು. ನನಗೆ ಆ ದಿನ ಬಹಳ ಹೆಮ್ಮೆಯಾಗಿತ್ತು.

ರಜೆ ಮುಗಿಸಿ ಬಂದು ಕಂಪ್ಯೂಟರ್ ಆನ್ ಮಾಡಿದರೆ ಫ್ಯಾನು ಬೊಬ್ಬೆ ಹೊಡೆಯುತ್ತಿತ್ತು. ಅರ್ಧ ಗಂಟೆಗೊಮ್ಮೆ ಕಂಪ್ಯೂಟರ್ ತಾನಾಗಿ ಆರಿಹೋಗತೊಡಗಿತು. ಎರಡನೆಯ ದಿನ, ಒಂದು ದೊಡ್ಡ ಆರ್ಡರಿನ ಡ್ರಾಯಿಂಗ್ ಅರ್ಧದಲ್ಲಿದ್ದಾಗ ಆರಿತು. ಮತ್ತೆ ಆನ್ ಮಾಡಿದಾಗ ಆ ಫೈಲು ತೆರೆಯಲೇ ಇಲ್ಲ. ಓನರು ಹಾರಾಡಿಬಿಟ್ಟರು. ಫೋನು ಮಾಡಿ ಅಂಕಲನ್ನು ಕರೆಸಿದರು.

ಅಂಕಲ್ ಬಂದರು. ಎಲ್ಲ ಕ್ಲೋಸ್ ಮಾಡಿಸಿದರು, ನಾನು ಕೈ ಎತ್ತಿದೆ. ಓನರು ಬೆನ್ನ ಹಿಂದೆ ಶತಪಥ ಹಾಕುತ್ತಿದ್ದರು. ಹತ್ತು ನಿಮಿಷವಾದ ಮೇಲೆ ಅಂಕಲ್ "ಒಂದು ಕೆಲಸಾನೂ ಇಲ್ಲ, ಎಪ್ಪತ್ತಾರು ಡಿಗ್ರಿ" ಎಂದು ತಮಗೆ ತಾವೇ ಹೇಳಿಕೊಂಡರು. ಡಬ್ಬಿ ತೆಗೆದರು. ಫ್ಯಾನು ಸರಿಯಾಗಿ ತಿರುಗುತ್ತಿತ್ತು. ಧೂಳು ಒಂದು ಕಣವೂ ಇರಲಿಲ್ಲ. ಬೆರಳ ತುದಿಯಿಂದ ಅಲ್ಯೂಮಿನಿಯಂ ಗಟ್ಟಿಯನ್ನು ಮುಟ್ಟಿದರು. "ಒಳಗೆ ಸುಡ್ತಿದೆ, ಮೇಲೆ ತಣ್ಣಗಿದೆ. ಬಿಸಿ ಮೇಲಕ್ಕೆ ಹತ್ತುತ್ತಾನೇ ಇಲ್ಲ." ಆಮೇಲೆ ತಲೆ ಎತ್ತಿ ಕೇಳಿದರು, "ಯಾರಾದ್ರೂ ಇದನ್ನ ಬಿಚ್ಚಿದ್ರಾ?"

"ಇಲ್ಲ ಅಂಕಲ್" ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಓನರು ಅಲ್ಲೇ ನಿಂತಿದ್ದರು, ಓನರ ಹಿಂದೆ ನನ್ನ ಕಣ್ಣಿಗೆ ಅಪ್ಪನೂ ನಿಂತಿದ್ದ. ಕೆಲಸ ಹೋಗುತ್ತದೆ, ಮನೆಯಲ್ಲಿ ಕೂರಬೇಕಾಗುತ್ತದೆ ಎಂಬ ಒಂದೇ ಭಯ. ಅಂಕಲ್ ಟಾರ್ಚು ಹಾಕಿ ಬಗ್ಗಿದರು. ಬೆಳಕು ಫ್ಯಾನಿನ ಮೇಲೆ ಬಿತ್ತು. ಅಲ್ಲಿಯವರೆಗೆ ಮುಚ್ಚಿದ್ದ ಡಬ್ಬಿಯ ಒಳಗೆ ಕೆಂಪಗೆ, ದುಂಡಗೆ ಕುಂಕುಮದ ಬೊಟ್ಟು. ಅದನ್ನು ನೋಡಿದರು. ನನ್ನನ್ನು ನೋಡಿದರು. ಓನರು ಹತ್ತಿರ ಬರುವಷ್ಟರಲ್ಲಿ ಹೆಬ್ಬೆರಳಿನಿಂದ ಅದನ್ನು ಒರೆಸಿಬಿಟ್ಟರು.

"ಏನಂತ್ರೀ?" ಎಂದರು ಓನರು.

"ಮಧ್ಯೆ ಒಂದು ಪೇಸ್ಟ್ ಇರತ್ತೆ ಸಾರ್. ಎರಡು ಲೋಹದ ಮಧ್ಯೆ ಸಂದು ಬಿಡ್ದೆ ಬಿಸಿ ದಾಟಿಸೋದೇ ಅದು. ಅದು ಹೋಗ್ಬಿಟ್ಟಿದೆ. ಸರ್ವೀಸಲ್ಲಿ ನಾನು ನೋಡ್ಬೇಕಿತ್ತು" ಎಂದರು ಅಂಕಲ್. ಚೀಲದಿಂದ ಸಣ್ಣ ಟ್ಯೂಬು ತೆಗೆದು ಬಟಾಣಿ ಕಾಳಿನಷ್ಟು ಹಚ್ಚಿ ಕೂರಿಸಿದರು. ಹತ್ತು ನಿಮಿಷಕ್ಕೆ ನಲವತ್ಮೂರಕ್ಕೆ ಬಂದು ನಿಂತಿತು.

"ಅಲ್ರೀ, ಅಷ್ಟು ನೋಡಕ್ಕಾಗಲ್ಲ ಅಂದ್ಮೇಲೆ ನೀವ್ ಯಾಕ್ರೀ ಬರ್ಬೇಕು? ನಾಳೆಯಿಂದ ಬೇಡ, ನಾನ್ ಬೇರೆಯವ್ರನ್ನ ನೋಡ್ಕೋತೀನಿ." ಓನರು ಇಷ್ಟು ಹೇಳಿ ಸುಮ್ಮನಾಗಿದ್ದರೆ ಸಾಕಿತ್ತು. ಕಾರ್ಖಾನೆಯವರೆಲ್ಲ ಸೇರುವ ಟೀ ಅಂಗಡಿಯಲ್ಲಿ ಇದನ್ನೇ ವಾರಗಟ್ಟಲೆ ಉಪ್ಪು ಖಾರ ಹಚ್ಚಿ ಹೇಳಿದರು. ಪೀಣ್ಯದಲ್ಲಿ ಒಬ್ಬರು ಬೇಡವೆಂದವರನ್ನು ಪಕ್ಕದವರು ಯಾಕೆ ಇಟ್ಟುಕೊಳ್ಳುತ್ತಾರೆ? ವರ್ಷ ತಿರುಗುವುದರೊಳಗೆ ನಮ್ಮ ಬೀದಿಯಲ್ಲಿ ಆ ಸ್ಕೂಟರು ಕಾಣುವುದು ನಿಂತುಹೋಯಿತು.

ಅವರು ತಪ್ಪನ್ನು ತಮ್ಮ ತಲೆಗೆ ಹಾಕಿಕೊಂಡಾಗ ನನಗೆ ಕಣ್ಣೀರು ಬಂತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನನಗೆ ಬಂದದ್ದು ಸಿಟ್ಟು. ಯಾರು ಕೇಳಿದ್ದರು ನಿಮ್ಮನ್ನು? ಎಲ್ಲರ ಎದುರು "ಇದನ್ನು ಬಿಚ್ಚಿದ್ದು ಈ ಹುಡುಗಿ" ಎಂದಿದ್ದರೆ ನಾನು ಅತ್ತು, ಬೈಸಿಕೊಂಡು, ಒಂದು ವಾರ ಮನೆಯಲ್ಲಿ ಕೂತು ಎದ್ದು ಬರುತ್ತಿದ್ದೆ. ಇಲ್ಲ, ಬರುತ್ತಿರಲಿಲ್ಲವೇನೋ... ಅಪ್ಪ ಮದುವೆ ಮಾಡಿ ಕಳಿಸುತ್ತಿದ್ದ. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಅಪ್ಪನ ಶರತ್ತನ್ನು ನಾನೇ ಅವರಿಗೆ ನಗುನಗುತ್ತಾ ಹೇಳಿದ್ದೆ.

ಅದಾದ ಮೇಲೆ ಅವರನ್ನು ಒಮ್ಮೆ ಮಾತ್ರ ನೋಡಿದೆ. ಜಾಲಹಳ್ಳಿ ಕ್ರಾಸಿನ ಬಸ್‌ಸ್ಟಾಪಿನಲ್ಲಿ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ನಿಂತಿದ್ದರು. ಎದುರಿಗೆ ಹೋಗಿ ಹೇಳಬಹುದಿತ್ತು. ದುಪಟ್ಟಾ ತಲೆ ಮೇಲೆ ಎಳೆದುಕೊಂಡು ಬೇರೆ ಬಸ್ಸು ಹತ್ತಿದೆ. ನಾಚಿಕೆಗೇಡಿ ಎಂಬ ಮಾತು ನನಗೆಂದೇ ಹುಟ್ಟಿದ್ದಿರಬೇಕು.

ನಾನು ಆ ಕೆಲಸ ಬಿಟ್ಟು ಸ್ವಂತ ಡ್ರಾಯಿಂಗ್ ಆಫೀಸು ತೆರೆದಾಗ ಮೆಟ್ರೋ ಕಂಬಗಳು ಏಳುತ್ತಿದ್ದವು. ಆಫೀಸಿನ ಪೂಜೆಗೆ ಕರೆಯಬೇಕು, ಎಲ್ಲ ಹೇಳಿಬಿಡಬೇಕು ಎಂದು ಒಂದು ಡಬ್ಬ ಮೈಸೂರುಪಾಕು ಹಿಡಿದು ಜಾಲಹಳ್ಳಿಯಲ್ಲಿ ಅವರ ಮನೆ ಹುಡುಕಿಕೊಂಡು ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ಒಳಗೆ ಗೋಡೆಯ ಮೇಲೆ ಅಂಕಲ್ ಫೋಟೋ, ಅದಕ್ಕೆ ಹಾರ. ಎದೆನೋವು ಬಂದು ತೀರಿಕೊಂಡು ಎಂಟು ತಿಂಗಳಾಗಿತ್ತಂತೆ.

ಯಾವ ಕಾರ್ಖಾನೆಯವಳೆಂದು ಹೇಳಿದ ಕೂಡಲೇ ಆಕೆ, "ಓ, ಇವ್ರು ಪೇಸ್ಟ್ ನೋಡೋದ್ ಮರ್ತಿದ್ರಲ್ಲ, ಅದೇ ಫ್ಯಾಕ್ಟ್ರಿನಾ?" ಎಂದರು.

ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಸ್ಪಿರಿಟ್, ಬೊಟ್ಟು, ನನ್ನ ಸುಳ್ಳು. ಆಕೆ ಗೋಡೆಯ ಫೋಟೋ ಕಡೆ ಒಮ್ಮೆ ನೋಡಿದರು.

"ಪೀಣ್ಯದ ಕೆಲ್ಸ ಎಲ್ಲ ಹೋದ್ಮೇಲೆ ಬೊಮ್ಮಸಂದ್ರದಲ್ಲಿ ಸ್ಟೋರ್ಸ್ ಕೆಲ್ಸಕ್ಕೆ ಸೇರಿದ್ರು. ಊರಿನ ಈ ತುದಿಯಿಂದ ಆ ತುದಿ, ದಿನಾ ಬಸ್ಸಲ್ಲಿ. ಸುಸ್ತಾಗ್ ಬಂದು ಚಪ್ಲಿ ಬಿಡೋ ಹೊತ್ಗೆ ಶುರು ಮಾಡ್ತಿದ್ದೆ ಕಣೇ ನಾನು, ಒಂದು ಪೇಸ್ಟ್ ನೋಡಕ್ಕಾಗ್ಲಿಲ್ವಾ ನಿಮ್ಗೆ ಅಂತ. ನಾಕು ವರ್ಷ ಬೈದಿದೀನಿ. ಒಂದ್ ದಿನಾನೂ ಬಾಯಿ ಬಿಡ್ಲಿಲ್ಲ. ಈಗ್ ಬಂದು ಹೇಳ್ತೀಯಲ್ಲ, ನಾನು ಇದನ್ನ ಯಾರ ಹತ್ರ ಹೋಗಿ ಹೇಳ್ಕೊಳ್ಲಿ?"

ಮೈಸೂರುಪಾಕಿನ ಡಬ್ಬವನ್ನು ನನ್ನ ಕೈಗೇ ವಾಪಸ್ ಕೊಟ್ಟು ಬಾಗಿಲು ಹಾಕಿಕೊಂಡರು. ಅವರು ಮಾಡಿದ್ದು ಸರಿ.

ಮೊನ್ನೆ ಹಾಗೆ ಕೂಗಿದ ಮೇಲೆ ಆ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಡಬ್ಬಿ ತೆಗೆದು ತೋರಿಸಿದೆ. ಇಲ್ಲಿ ಮುಟ್ಟಬೇಡಿ ಎಂದೆ, ಯಾಕೆ ಮುಟ್ಟಬಾರದು ಎಂಬುದನ್ನೂ ಹೇಳಿದೆ. ಎಲ್ಲ ಕ್ಲೋಸ್ ಮಾಡಿಸಿ, ಕೈ ಎತ್ತಿಸಿ, ಹತ್ತು ನಿಮಿಷ ಕಾಯಿಸಿದೆ. ಮೂವತ್ತೆಂಟು ತೋರಿಸಿತು. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಅವರು ಕೇಳಿದ್ದಕ್ಕೆ ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ, "ಇಲ್ಲ ಅಂಕಲ್" ಎಂದದ್ದನ್ನೂ ಬಿಡಲಿಲ್ಲ. ಸ್ಪಿರಿಟ್ ಬಾಟಲಿ ಹಿಡಿದಿದ್ದವಳು ಮೆಲ್ಲಗೆ, "ಅವ್ರಿಗೆ ಸಾರಿ ಹೇಳಿದ್ರಾ ಮೇಡಂ?" ಎಂದು ಕೇಳಿದಳು.

"ಇಲ್ಲ" ಎಂದೆ. ಈ ಸಲ ನಿಜವನ್ನೇ ಹೇಳಿದ್ದೆ.